ಆ ಪತ್ರಿಕೆಗಳನ್ನು ಓದಿದವರು ಯಾರು?

ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಬಂದವರನ್ನು ಕೂರಿಸಿ, ಒಂದು ವಿಷಯ ಕೊಟ್ಟು, ಗಡಿಯಾರ ನೋಡಿ ಪ್ರಬಂಧ ಬರೆಸುವ ಪದ್ಧತಿ ಅಮೆರಿಕದಲ್ಲಿ ಸುಮಾರು ಒಂದೂವರೆ ಶತಮಾನದಷ್ಟು ಹಳೆಯದು. ಅದಕ್ಕೆ ಪ್ಲೇಸ್‌ಮೆಂಟ್ ಪರೀಕ್ಷೆ ಎನ್ನುತ್ತಾರೆ. ವಿದ್ಯಾರ್ಥಿ ಮೊದಲ ವರ್ಷದ ಬರವಣಿಗೆ ತರಗತಿಗೆ ನೇರವಾಗಿ ಹೋಗಬಹುದೋ, ಅದಕ್ಕಿಂತ ಕೆಳಗಿನ ತರಗತಿಯಲ್ಲಿ ಒಂದು ಅವಧಿ ಕಳೆಯಬೇಕೋ ಎಂಬುದು ಇಲ್ಲಿ ಬಂದ ಅಂಕದ ಮೇಲೆ ತೀರ್ಮಾನವಾಗುತ್ತದೆ. ಕೆಳಗಿನ ತರಗತಿಗೂ ಶುಲ್ಕವುಂಟು, ಹಾಜರಿಯುಂಟು. ಆದರೆ ಅನೇಕ ಕಡೆ ಅದು ಪದವಿಯ ಲೆಕ್ಕಕ್ಕೆ ಸೇರುವುದಿಲ್ಲ. ಬಡ ಮನೆಯ ಮಕ್ಕಳಿಗೆ ಆ ಒಂದು ಅವಧಿಯೇ ಓದು ಮುಂದುವರಿಸುವುದಕ್ಕೂ ಬಿಡುವುದಕ್ಕೂ ನಡುವಿನ ಅಂತರ.

ಈ ಪರೀಕ್ಷೆಯ ಇತಿಹಾಸ ಓದಲು ಕೂತರೆ ಅಂಕಿ ಅಂಶಕ್ಕೆ ಕೊರತೆಯಿಲ್ಲ. ಎಷ್ಟು ಮಂದಿ ಬರೆದರು, ಎಷ್ಟು ಮಂದಿ ಪಾಸಾದರು, ಯಾವ ವರ್ಷ ಮಟ್ಟ ಕುಸಿಯಿತು ಎಂಬುದೆಲ್ಲ ವರದಿಗಳಲ್ಲಿದೆ. ನಾನು ಹುಡುಕುತ್ತಿದ್ದುದು ಉತ್ತರ ಪತ್ರಿಕೆಗಳನ್ನು. ಊರು ಬಿಟ್ಟು ಬಂದ ಹದಿನೆಂಟರ ವಯಸ್ಸಿನವರು ಅಳುಕುತ್ತಾ ಬರೆದ ಆ ಹಾಳೆಗಳು ಏನಾದವು? ಅಂಕ ಹಾಕಿದ ಮೇಲೆ ಯಾರಾದರೂ ಅವನ್ನು ಮತ್ತೆ ತೆರೆದು ನೋಡಿದರೇ? ನೋಡಿದವರಿಗೆ ಏನು ಕಂಡಿತು? ಈ ಪ್ರಶ್ನೆಗಳನ್ನು ಹಿಡಿದು ಹಳೆಯ ಕ್ಯಾಟಲಾಗು, ಸಮಿತಿ ವರದಿ, ಸಂಶೋಧನಾ ಬುಲೆಟಿನ್‌ಗಳ ಬೆನ್ನು ಹತ್ತಿದೆ.

ಮೊದಲು ಎದುರಾದದ್ದು ಹಾರ್ವರ್ಡ್. 1874ರಲ್ಲಿ ಹಾರ್ವರ್ಡ್ ಮೊದಲ ಸಲ ಇಂಗ್ಲಿಷ್ ಬರವಣಿಗೆಯ ಪ್ರವೇಶ ಪರೀಕ್ಷೆ ಇಟ್ಟಿತು, ಅರ್ಧಕ್ಕಿಂತ ಹೆಚ್ಚು ಮಂದಿ ಫೇಲಾದರು ಎಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ದಾಟಿಕೊಂಡು ಬಂದಿದೆ. ಅದರ ಜಾಡು ಹಿಡಿದು ಹಿಂದಕ್ಕೆ ಹೋದೆ. 1869ರಲ್ಲಿ ಅಧ್ಯಕ್ಷರಾದ ಚಾರ್ಲ್ಸ್ ಎಲಿಯಟ್ ಇಂಗ್ಲಿಷ್ ಬರವಣಿಗೆಗೆ ಒತ್ತು ಕೊಡಬೇಕೆಂದು ಹಟ ಹಿಡಿದವರು. 1872ರಲ್ಲಿ ಅವರು ಕರೆತಂದ ಆ್ಯಡಮ್ಸ್ ಶರ್ಮನ್ ಹಿಲ್ ಪತ್ರಿಕೋದ್ಯಮದಲ್ಲಿ ಪಳಗಿದವರು. ಹೊಸ ನಿಯಮದ ಪ್ರಕಾರ ಅಭ್ಯರ್ಥಿ ಒಂದು ಚಿಕ್ಕ ಪ್ರಬಂಧ ಬರೆಯಬೇಕು. ಕಾಗುಣಿತ, ವಿರಾಮಚಿಹ್ನೆ, ವ್ಯಾಕರಣ, ಅಭಿವ್ಯಕ್ತಿ ಎಲ್ಲವೂ ಸರಿಯಿರಬೇಕು. ವಿಷಯವನ್ನು ಮೊದಲೇ ಹೆಸರಿಸಿದ ಪುಸ್ತಕಗಳಿಂದ ಆರಿಸುತ್ತಾರೆ. 1874ರ ಪಟ್ಟಿಯಲ್ಲಿ ಶೇಕ್ಸ್‌ಪಿಯರನ ಮೂರು ನಾಟಕಗಳು, ಗೋಲ್ಡ್‌ಸ್ಮಿತ್‌ನ ಒಂದು ಕಾದಂಬರಿ, ಸ್ಕಾಟ್‌ನ ಎರಡು ಕೃತಿಗಳಿದ್ದವು.

ಹಿಲ್ ತಾವೇ ಬಿಡಿಸಿಟ್ಟ ಲೆಕ್ಕ ಸಿಗುವುದು 1879ರ ಪರೀಕ್ಷೆಯದು. ಆ ವರ್ಷ ಬರೆದವರು 316 ಮಂದಿ. ಸುಮಾರು ಅರ್ಧದಷ್ಟು ಮಂದಿ ಫೇಲು. ಹಿಲ್ ಆ ಕುರಿತು ಬರೆದ ಲೇಖನದಲ್ಲಿ ತಪ್ಪುಗಳನ್ನು ವಿಂಗಡಿಸಿ ಇಟ್ಟಿದ್ದಾರೆ: ಕಾಗುಣಿತದವು, ವಿರಾಮಚಿಹ್ನೆಯವು, ವಾಕ್ಯರಚನೆಯವು. ಶಾಲೆಗಳನ್ನು ದೂರಿದ್ದಾರೆ. ತಪ್ಪು ಎಲ್ಲಿ ಬಿತ್ತು ಎಂಬುದಕ್ಕೆ ಅಲ್ಲಿ ಉತ್ತರವಿದೆ. ಏಕೆ ಬಿತ್ತು ಎಂಬ ಪ್ರಶ್ನೆಯನ್ನು ಪತ್ರಿಕೆಗಳ ಮುಂದಿಟ್ಟು ಅವರು ಕೇಳಲಿಲ್ಲ.

ಅಲ್ಲಿಂದ 1892ರ ಒಂದು ವರದಿಗೆ ಬಂದೆ. ಹಾರ್ವರ್ಡ್‌ನ ಮೇಲ್ವಿಚಾರಕ ಮಂಡಳಿ ಮೂವರ ಸಮಿತಿ ನೇಮಿಸಿತ್ತು: ರೈಲ್ವೆ ಕಂಪನಿಯ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಫ್ರಾನ್ಸಿಸ್ ಆ್ಯಡಮ್ಸ್, ಸಂಪಾದಕ ಇ.ಎಲ್. ಗಾಡ್ಕಿನ್, ರಾಜಕಾರಣಿ ಜೋಸಯ ಕ್ವಿನ್ಸಿ. ಮೂವರಲ್ಲಿ ಒಬ್ಬರೂ ವೃತ್ತಿಯಿಂದ ಇಂಗ್ಲಿಷ್ ಮೇಷ್ಟರಲ್ಲ. ಆದರೂ ಅವರು ಒಂದು ಒಳ್ಳೆಯ ಕೆಲಸ ಮಾಡಿದರು. ಇಂಗ್ಲಿಷ್ ಎ ಎಂಬ ಮೊದಲ ವರ್ಷದ ಕಡ್ಡಾಯ ತರಗತಿಯ ಹುಡುಗರಿಂದ, ತಾವು ಶಾಲೆಯಲ್ಲಿ ಇಂಗ್ಲಿಷ್ ಬರವಣಿಗೆ ಕಲಿತದ್ದು ಹೇಗೆ ಎಂದೇ ಬರೆಸಿದರು. ಆ ಬರಹಗಳನ್ನು ವರದಿಗೆ ಲಗತ್ತಿಸಿದರು. ನಾನು ಹುಡುಕುತ್ತಿದ್ದ ಹಾಳೆಗಳು ಮೊದಲ ಬಾರಿಗೆ ಇಲ್ಲಿ ಕಣ್ಣಿಗೆ ಬಿದ್ದವು.

ಹುಡುಗರು ತಮ್ಮ ಓದಿನ ಕಥೆಯನ್ನು ತಾವೇ ಹೇಳಿಕೊಂಡಿದ್ದಾರೆ. ಪರೀಕ್ಷೆಯಲ್ಲಿ ಎಡವಿದವನ ಕಾರಣ ಅವನ ಬಾಯಿಂದಲೇ ಬರುವ ಅಪರೂಪದ ಜಾಗ ಅದು. ಸಮಿತಿ ಇವನ್ನು ಇಟ್ಟುಕೊಂಡದ್ದು ಮಾತ್ರ ಶಾಲೆಗಳ ವಿರುದ್ಧದ ಸಾಕ್ಷ್ಯವಾಗಿ. ಬರವಣಿಗೆಯ ಪ್ರಾಥಮಿಕ ಪಾಠ ಕಾಲೇಜಿನ ಕೆಲಸವಲ್ಲ, ಅದನ್ನು ಶಾಲೆಗಳು ಮಾಡಬೇಕು, ಪ್ರವೇಶದ ಮಟ್ಟ ಏರಿಸಬೇಕು ಎಂದು ಅದು ತೀರ್ಪು ಕೊಟ್ಟಿತು. ಹುಡುಗರು ಹೇಳಿದ್ದನ್ನು ಆಧರಿಸಿ ಮರುದಿನದ ತರಗತಿಯಲ್ಲಿ ಏನು ಬದಲಿಸಬೇಕು ಎಂಬ ಮಾತು ಹಿಂದೆ ಉಳಿಯಿತು.

ಅಷ್ಟು ಹೊತ್ತಿಗೆ ಇನ್ನೊಂದು ಪ್ರಶ್ನೆ ಎದ್ದಿತ್ತು. ಪಾಸು ಫೇಲು ಎಂದು ಬರೆದವರ ಕೈ ಎಷ್ಟು ಸ್ಥಿರ? ಇದಕ್ಕೆ ಉತ್ತರ ಕೊಡುವ ದಾಖಲೆಗಳ ಪೈಕಿ ಒಂದಕ್ಕೆ ಭಾರತದ ನಂಟೂ ಇದೆ. ಫಿಲಿಪ್ ಹಾರ್ಟಾಗ್ ಢಾಕಾ ವಿಶ್ವವಿದ್ಯಾಲಯದ ಮೊದಲ ಉಪಕುಲಪತಿ. ನಮ್ಮ ಶಿಕ್ಷಣ ಇತಿಹಾಸದ ಪುಸ್ತಕಗಳಲ್ಲಿ ಬರುವ 1929ರ ಹಾರ್ಟಾಗ್ ಸಮಿತಿಯ ಅಧ್ಯಕ್ಷರೂ ಅವರೇ. ಇಂಗ್ಲೆಂಡಿಗೆ ಮರಳಿದ ಮೇಲೆ ಇ.ಸಿ. ರೋಡ್ಸ್ ಜೊತೆ ಸೇರಿ ಅವರು 1935ರಲ್ಲಿ ಪರೀಕ್ಷೆಗಳನ್ನೇ ಪರೀಕ್ಷೆಗೊಡ್ಡಿದ ಒಂದು ಪುಸ್ತಕ ಪ್ರಕಟಿಸಿದರು. ಇತಿಹಾಸ ವಿಷಯದಲ್ಲಿ ಒಂದೇ ಅಂಕ ಪಡೆದಿದ್ದ 15 ಉತ್ತರ ಪತ್ರಿಕೆಗಳನ್ನು ಅನುಭವಿ ಪರೀಕ್ಷಕರಿಗೆ ಕೊಟ್ಟು ಮತ್ತೆ ಅಂಕ ಹಾಕಿಸಿದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಬಿಟ್ಟು, ಅದೇ ಪತ್ರಿಕೆಗಳನ್ನು ಅವರಲ್ಲಿ 14 ಮಂದಿಗೆ ಇನ್ನೊಮ್ಮೆ ಕೊಟ್ಟರು. ಒಟ್ಟು 210 ತೀರ್ಪುಗಳು. ಅವುಗಳಲ್ಲಿ 92 ತೀರ್ಪುಗಳು ಎರಡನೆಯ ಸಲ ಬದಲಾಗಿದ್ದವು. ಒಬ್ಬರ ತೀರ್ಪು ಇನ್ನೊಬ್ಬರದಕ್ಕೆ ಹೊಂದದಿರುವುದು ಎಲ್ಲರಿಗೂ ಗೊತ್ತಿದ್ದ ವಿಷಯ. ಒಬ್ಬರದೇ ತೀರ್ಪು ಅವರದೇ ಹಿಂದಿನದಕ್ಕೆ ಹೊಂದದಿರುವುದನ್ನು ಹಾರ್ಟಾಗ್ ಹಾಳೆಯ ಮೇಲೆ ತೋರಿಸಿಕೊಟ್ಟರು.

ಅಮೆರಿಕದಲ್ಲಿ ಇದಕ್ಕೆ ಜೊತೆಯಾಗಿ ನಿಲ್ಲುವುದು 1961ರ ಒಂದು ಸಂಶೋಧನಾ ಬುಲೆಟಿನ್. ಎಜುಕೇಶನಲ್ ಟೆಸ್ಟಿಂಗ್ ಸರ್ವಿಸ್ ಎಂಬ ಪರೀಕ್ಷಾ ಸಂಸ್ಥೆಯ ಪಾಲ್ ಡೀಡೆರಿಕ್ ಮತ್ತು ಜೊತೆಗಾರರು ಕಾಲೇಜಿನ ಮೊದಲ ವರ್ಷದವರು ಬರೆದ 300 ಪ್ರಬಂಧಗಳನ್ನು 53 ಮಂದಿಗೆ ಓದಲು ಕೊಟ್ಟರು. ಓದಿದವರಲ್ಲಿ ಇಂಗ್ಲಿಷ್ ಅಧ್ಯಾಪಕರ ಜೊತೆಗೆ ಸಮಾಜ ವಿಜ್ಞಾನದವರು, ವಿಜ್ಞಾನದವರು, ಬರಹಗಾರರು ಹಾಗೂ ಸಂಪಾದಕರು, ವಕೀಲರು, ವ್ಯಾಪಾರ ಸಂಸ್ಥೆಗಳ ಅಧಿಕಾರಿಗಳೂ ಇದ್ದರು. ಯಾವ ಮಾನದಂಡವನ್ನೂ ಹೇಳದೆ, ಯೋಗ್ಯತೆಯ ಪ್ರಕಾರ ಒಂಬತ್ತು ಗುಡ್ಡೆ ಮಾಡಿ ಎಂದಷ್ಟೇ ಕೇಳಿದರು. 300ರಲ್ಲಿ 101 ಪ್ರಬಂಧಗಳು ಒಂಬತ್ತೂ ಗುಡ್ಡೆಗಳಲ್ಲಿ ಒಂದಲ್ಲ ಒಂದು ಕೈಯಿಂದ ಬಿದ್ದವು. ಶೇಕಡಾ 94ರಷ್ಟು ಪ್ರಬಂಧಗಳಿಗೆ ಏಳೋ ಎಂಟೋ ಒಂಬತ್ತೋ ಬೇರೆ ಬೇರೆ ದರ್ಜೆ ಬಂತು. ಐದಕ್ಕಿಂತ ಕಡಿಮೆ ದರ್ಜೆ ಪಡೆದ ಪ್ರಬಂಧ ಒಂದೂ ಇರಲಿಲ್ಲ.

ಈ ಅಂಕಿಗಳನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಬುಲೆಟಿನ್ನಿನಲ್ಲಿ ಇದಕ್ಕಿಂತ ಬೆಲೆಬಾಳುವುದು ಓದುಗರು ಅಂಚಿನಲ್ಲಿ ಬರೆದಿಟ್ಟ ಸಾವಿರಾರು ಟಿಪ್ಪಣಿಗಳ ವಿಶ್ಲೇಷಣೆ. ಅದರಿಂದ ಐದು ಬಗೆಯ ಓದು ಹೊರಬಿತ್ತು. ಕೆಲವರು ವಿಚಾರ ಹೇಗಿದೆ ಎಂದು ನೋಡಿದ್ದರು. ಕೆಲವರ ಕಣ್ಣು ವ್ಯಾಕರಣ, ಕಾಗುಣಿತದ ಮೇಲೆ. ಇನ್ನು ಕೆಲವರಿಗೆ ಮುಖ್ಯವಾದದ್ದು ಪ್ರಬಂಧದ ಜೋಡಣೆ, ಪದಗಳ ಆಯ್ಕೆ, ಬರೆದವರ ಛಾಪು. ಯಾರೂ ಕಣ್ಣು ಮುಚ್ಚಿ ಗುಡ್ಡೆ ಮಾಡಿರಲಿಲ್ಲ. ಪ್ರತಿಯೊಬ್ಬರೂ ಪ್ರಬಂಧದಲ್ಲಿ ಇರುವುದರ ಒಂದು ಭಾಗವನ್ನು ಶ್ರದ್ಧೆಯಿಂದ ಓದಿದ್ದರು. ಆದರೆ ಹುಡುಗನ ಕೈಗೆ ಸಿಗುವುದು ಒಂದೇ ಅಂಕ. ಐದು ಬಗೆಯ ಓದು ಅದರಲ್ಲಿ ಅಳಿಸಿಹೋಗುತ್ತದೆ.

ಮುಂದಿನ ದಶಕಗಳಲ್ಲಿ ಪರೀಕ್ಷಾ ತಜ್ಞರು ಈ ಭಿನ್ನಮತವನ್ನು ಹತೋಟಿಗೆ ತಂದರು. ಹೇಗೆಂದು ನೋಡಲು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ದಾಖಲೆಗಳಿಗೆ ಹೋಗಬೇಕು. 1898ರಿಂದ ಅಲ್ಲಿ 'ಸಬ್ಜೆಕ್ಟ್ ಎ' ಎಂಬ ಬರವಣಿಗೆ ಅರ್ಹತೆ ಇತ್ತು. ಅದರಲ್ಲಿ ತಪ್ಪಿದವರು ಕೂರುತ್ತಿದ್ದ ತರಗತಿಗೆ ವಿದ್ಯಾರ್ಥಿಗಳ ಬಾಯಲ್ಲಿ ದಡ್ಡರ ಇಂಗ್ಲಿಷ್ ಎಂಬರ್ಥದ ಅಡ್ಡಹೆಸರು ಅಂಟಿಕೊಂಡಿತ್ತು. 1987ರಿಂದ ಎಲ್ಲ ಕ್ಯಾಂಪಸ್ಸುಗಳಿಗೂ ಒಂದೇ ಪರೀಕ್ಷೆ ಬಂತು. ಎರಡು ಗಂಟೆಯ ಅವಧಿ. ಏಳುನೂರರಿಂದ ಸಾವಿರ ಪದಗಳ ಒಂದು ಗದ್ಯಭಾಗ ಓದಿ, ಅದರ ಲೇಖಕರ ವಾದಕ್ಕೆ ತನ್ನ ಉತ್ತರವಾಗಿ ಪ್ರಬಂಧ ಬರೆಯಬೇಕಿತ್ತು. ಇಬ್ಬರು ಪ್ರತ್ಯೇಕವಾಗಿ ಓದಿ 1ರಿಂದ 6ರವರೆಗೆ ಅಂಕ ಕೊಡುತ್ತಿದ್ದರು. ಕೂಡಿದರೆ 8 ಬರಬೇಕಿತ್ತು.

ಓದುವ ಕೋಣೆಯ ಕ್ರಮ ಹೀಗಿತ್ತು. ಮೊದಲು ಎಲ್ಲರೂ ಒಂದಷ್ಟು ಮಾದರಿ ಪತ್ರಿಕೆಗಳನ್ನು ಓದಿ ಅಂಕ ಹಾಕಬೇಕಿತ್ತು. ಮೇಜಿನ ಮುಖ್ಯಸ್ಥರು ಪ್ರತಿ ಮಾದರಿಗೂ ಗೊತ್ತುಮಾಡಿದ ಅಂಕ ಹೇಳುತ್ತಿದ್ದರು. 3 ಏಕೆ, 4 ಏಕಲ್ಲ ಎಂಬ ಚರ್ಚೆ ನಡೆಯುತ್ತಿತ್ತು. ಕೈ ಒಂದು ಹದಕ್ಕೆ ಬಂದ ಮೇಲೆ ಅಸಲಿ ಪತ್ರಿಕೆಗಳ ಕಟ್ಟು ಬಿಚ್ಚುತ್ತಿದ್ದರು. ಮೊದಲು ಓದಿದವರ ಅಂಕ ಎರಡನೆಯವರಿಗೆ ಕಾಣದಂತೆ ಮುಚ್ಚಿರುತ್ತಿತ್ತು. ಅಂತರ ಹೆಚ್ಚಾದರೆ ಪತ್ರಿಕೆ ಮೂರನೆಯವರಿಗೆ ಹೋಗುತ್ತಿತ್ತು. ಪ್ರತಿ ಪ್ರಬಂಧಕ್ಕೆ ಸಿಗುತ್ತಿದ್ದದ್ದು ಕೆಲವು ನಿಮಿಷ. ಪೆನ್ನಿನಿಂದ ತಿದ್ದುವಂತಿರಲಿಲ್ಲ, ಅಂಚಿನಲ್ಲಿ ಬರೆಯುವಂತಿರಲಿಲ್ಲ. ಈ ಶಿಸ್ತಿನಿಂದ ಅಂಕಗಳ ಹೊಂದಾಣಿಕೆ ನಿಜಕ್ಕೂ ಹೆಚ್ಚಿತು. ಅನ್ಯಾಯ ಕಡಿಮೆಯಾಯಿತು, ಅದನ್ನು ಗೌರವದಿಂದಲೇ ಒಪ್ಪಬೇಕು. ಆದರೆ ಡೀಡೆರಿಕ್‌ಗೆ ಅಷ್ಟೊಂದು ಕಲಿಸಿದ್ದ ಅಂಚಿನ ಟಿಪ್ಪಣಿಗಳು ಈ ಕೋಣೆಯಿಂದ ಹೊರಬಿದ್ದವು. ಪತ್ರಿಕೆ ಕೋಣೆಗೆ ಬಂದಷ್ಟೇ ಮೌನವಾಗಿ, ಒಂದು ಅಂಕ ಹೊತ್ತು ಹೊರಗೆ ಹೋಯಿತು.

ಹೀಗೆ ಸಾಗಿದ ಹುಡುಕಾಟ ಕೊನೆಗೆ ನಿಂತದ್ದು ನ್ಯೂಯಾರ್ಕಿನಲ್ಲಿ. ಅಲ್ಲಿನ ಸಿಟಿ ಕಾಲೇಜಿನಲ್ಲಿ 1969ರ ಏಪ್ರಿಲ್‌ನಲ್ಲಿ ಕಪ್ಪು ಮತ್ತು ಪೋರ್ಟೊರಿಕೊ ಮೂಲದ ವಿದ್ಯಾರ್ಥಿಗಳು ಕ್ಯಾಂಪಸ್ಸಿನ ಒಂದು ಭಾಗವನ್ನು ವಶಕ್ಕೆ ತೆಗೆದುಕೊಂಡರು. ನಗರದ ತೆರಿಗೆಯಿಂದ ನಡೆಯುವ, ಶುಲ್ಕವಿಲ್ಲದ ಕಾಲೇಜಿನಲ್ಲಿ ನಗರದ ಬಡವರ ಮಕ್ಕಳಿಗೇ ಜಾಗವಿಲ್ಲವೆಂಬುದು ಅವರ ದೂರು. 1970ರಿಂದ, ಆ ಕಾಲೇಜು ಸೇರಿದ್ದ ಸಿಟಿ ಯೂನಿವರ್ಸಿಟಿ ನಗರದ ಹೈಸ್ಕೂಲು ಮುಗಿಸಿದ ಪ್ರತಿಯೊಬ್ಬರಿಗೂ ತನ್ನ ಯಾವುದಾದರೊಂದು ಕಾಲೇಜಿನಲ್ಲಿ ಸೀಟು ಖಾತರಿ ಮಾಡಿತು. ಒಂದೇ ವರ್ಷದಲ್ಲಿ ಮೊದಲ ವರ್ಷದ ತರಗತಿಗಳು ತುಂಬಿ ತುಳುಕಿದವು. ಹೀಗೆ ಬಂದವರಿಗೆ ಪ್ಲೇಸ್‌ಮೆಂಟ್ ಪ್ರಬಂಧ ಬರೆಸಿದರು. ಬರವಣಿಗೆ ವಿಭಾಗದ ಹೊಣೆ ಹೊತ್ತಿದ್ದವರು ಮೀನಾ ಶಾನೆಸಿ.

ಆ ಪತ್ರಿಕೆಗಳನ್ನು ನೋಡಿದ ಅನೇಕ ಅಧ್ಯಾಪಕರು ಕೈಚೆಲ್ಲಿದರು. ಇವರಿಗೆ ಕಾಲೇಜು ಕಲಿಸಲಾಗದು ಎಂದರು. ಆರಂಭದಲ್ಲಿ ಶಾನೆಸಿಗೂ ಅವು ದಿಗಿಲು ಹುಟ್ಟಿಸಿದ್ದವು. ಆದರೆ ಅವರು ಹಾಳೆಗಳನ್ನು ಕೈಬಿಡಲಿಲ್ಲ. 1970ರಿಂದ 1974ರವರೆಗೆ ಬರೆಸಿದ ಸುಮಾರು 4,000 ಪ್ಲೇಸ್‌ಮೆಂಟ್ ಪ್ರಬಂಧಗಳನ್ನು ಆಧಾರವಾಗಿಟ್ಟು 1977ರಲ್ಲಿ 'ಎರರ್ಸ್ ಆ್ಯಂಡ್ ಎಕ್ಸ್‌ಪೆಕ್ಟೇಶನ್ಸ್' ಎಂಬ ಪುಸ್ತಕ ತಂದರು. ನಾನು ಕೇಳುತ್ತಾ ಬಂದ ಪ್ರಶ್ನೆಗೆ ಆ ಪುಸ್ತಕವೇ ಉತ್ತರ. ಅಂಕ ಹಾಕಿ ಮುಗಿಸಿದ ಪತ್ರಿಕೆಗಳನ್ನು ಒಬ್ಬರು ಮತ್ತೆ ತೆರೆದು, ಸಾಲು ಸಾಲಾಗಿ ಓದಿದ್ದರು.

ಅವರು ಕೇಳಿದ್ದು ಇಷ್ಟೇ: ಈ ತಪ್ಪಿನ ಹಿಂದೆ ಯಾವ ಯೋಚನೆ ಕೆಲಸ ಮಾಡಿದೆ? ಮನೆಯಲ್ಲಿ ಆಡುವ ಇಂಗ್ಲಿಷಿನಲ್ಲಿ ಕ್ರಿಯಾಪದದ ಕೊನೆಗೆ 'ಎಸ್' ಹಚ್ಚದ ಹುಡುಗಿ, ಶಾಲೆಯಲ್ಲಿ ಅದನ್ನು ಹಚ್ಚಬೇಕೆಂದು ಕಲಿತಿದ್ದಾಳೆ. ಎಲ್ಲಿ ಹಚ್ಚಬೇಕೆಂಬುದು ಪೂರ್ತಿ ತಿಳಿಯದೆ, ಬೇಡದ ಕಡೆಯೂ ಹಚ್ಚುತ್ತಾಳೆ. ನಮ್ಮ ಹಳೇ ಮೈಸೂರು ಕಡೆ 'ಹ'ಕಾರ ಬಿಡುತ್ತೀಯ ಎಂದು ಬೈಸಿಕೊಂಡ ಹುಡುಗ ಎಚ್ಚರ ವಹಿಸಿ ಬರೆಯಲು ಹೋಗಿ ಅಕ್ಕಿಯನ್ನೂ ಹಕ್ಕಿ ಮಾಡುತ್ತಾನಲ್ಲ, ಅದೇ ಬಗೆ. ತಪ್ಪು ಬಿದ್ದದ್ದು ಅವನು ನಿಯಮವನ್ನು ಮನಸ್ಸಿಗೆ ಹಚ್ಚಿಕೊಂಡದ್ದರಿಂದ. ಕೆಂಪು ಗೆರೆ ಎಳೆದವರಿಗೆ ಕಾಣುವುದು ಅಜ್ಞಾನ. ಕಾರಣ ಹುಡುಕಿದವರಿಗೆ ಕಾಣುವುದು ಅರ್ಧ ದಾರಿ ಬಂದ ಕಲಿಕೆ.

ಇನ್ನೊಂದು ಸಂಗತಿಯನ್ನೂ ಶಾನೆಸಿ ಹಾಳೆಗಳಲ್ಲಿ ಗುರುತಿಸಿದರು. ಈ ವಿದ್ಯಾರ್ಥಿಗಳು ಕಡಿಮೆ ಬರೆಯುತ್ತಾರೆ. ಒಂದು ವಾಕ್ಯ ಶುರುಮಾಡಿ, ಹೊಡೆದು ಹಾಕಿ, ಅದನ್ನೇ ಸ್ವಲ್ಪ ಬದಲಿಸಿ ಮತ್ತೆ ಶುರುಮಾಡಿ, ಮತ್ತೆ ಹೊಡೆದು ಹಾಕುತ್ತಾರೆ. ಬರೆದಷ್ಟೂ ತಪ್ಪು ಹೆಚ್ಚು ಸಿಗುತ್ತದೆ ಎಂದು ವರ್ಷಗಟ್ಟಲೆ ಕಲಿತವರು ಅವರು. ಹೇಳುವುದಕ್ಕೆ ಏನೂ ಇಲ್ಲದ್ದರಿಂದ ಪುಟ ಖಾಲಿ ಉಳಿದದ್ದಲ್ಲ. ಇದನ್ನು ಕಂಡುಕೊಂಡ ಶಾನೆಸಿ ಕೈಬರಹದಿಂದ, ವಿರಾಮಚಿಹ್ನೆಯಿಂದ ತೊಡಗಿ, ವಾಕ್ಯರಚನೆ, ಕಾಗುಣಿತ, ಪದಸಂಪತ್ತು ದಾಟಿ, ವಾದ ಕಟ್ಟುವವರೆಗೆ ಒಂದೊಂದಕ್ಕೂ ಪಾಠದ ಕ್ರಮ ಬರೆದರು. ಕಾಲೇಜಿಗೆ ಅರ್ಹರಲ್ಲ ಎಂದು ತೋರಿಸಲು ಬಳಸಬಹುದಾಗಿದ್ದ ಪತ್ರಿಕೆಗಳಿಂದಲೇ, ಇವರಿಗೆ ಹೇಗೆ ಕಲಿಸಬೇಕೆಂಬ ಪುಸ್ತಕ ಹುಟ್ಟಿತು. ಈ ಇಡೀ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಕೆಲಸವನ್ನು ನಾನು ಕಾಣೆ.

ಶಾನೆಸಿ 1978ರಲ್ಲಿ ತೀರಿಕೊಂಡರು. ಅದೇ ವರ್ಷ ಸಿಟಿ ಯೂನಿವರ್ಸಿಟಿ ಎಲ್ಲ ಕಾಲೇಜುಗಳಿಗೂ ಅನ್ವಯಿಸುವ ಬರವಣಿಗೆ ಪರೀಕ್ಷೆ ತಂದಿತು: 50 ನಿಮಿಷ, ಇಬ್ಬರು ಓದುಗರು, 1ರಿಂದ 6ರವರೆಗಿನ ಅಳತೆ. 1976ರಲ್ಲೇ ಅಲ್ಲಿ ಶುಲ್ಕ ಬಂದಿತ್ತು. 1999ರಲ್ಲಿ ಟ್ರಸ್ಟಿಗಳು ನಾಲ್ಕು ವರ್ಷದ ಕಾಲೇಜುಗಳಿಂದ ಕೆಳಗಿನ ತರಗತಿಗಳನ್ನೇ ತೆಗೆದುಹಾಕುವ ನಿರ್ಧಾರ ಮಾಡಿದರು. ಎಲ್ಲಿಂದ ಕಲಿಸಬೇಕು ಎಂದು ತಿಳಿಯಲು ಬರೆಸುತ್ತಿದ್ದ ಪ್ರಬಂಧ ಯಾರನ್ನು ಒಳಗೆ ಬಿಡಬೇಕು ಎಂದು ತಿಳಿಯುವ ಪ್ರಬಂಧವಾಯಿತು.

ಈಚಿನ ದಾಖಲೆಗಳು ಇನ್ನೊಂದು ತಿರುವನ್ನು ತೋರಿಸುತ್ತವೆ. ಮಿಷಿಗನ್ನಿನ ಗ್ರ್ಯಾಂಡ್ ವ್ಯಾಲಿ ಸ್ಟೇಟ್ ಯೂನಿವರ್ಸಿಟಿಯಲ್ಲಿ 1996ರಲ್ಲಿ ಡ್ಯಾನಿಯಲ್ ರಾಯರ್, ರೋಜರ್ ಗಿಲ್ಸ್ ಎಂಬ ಇಬ್ಬರು ಅಧ್ಯಾಪಕರು ಪರೀಕ್ಷೆಯನ್ನೇ ಬಿಟ್ಟರು. ಹೊಸಬರಿಗೆ ಎರಡೂ ತರಗತಿಗಳಲ್ಲಿ ಏನು ನಡೆಯುತ್ತದೆಂದು ವಿವರಿಸಿ, ನಿಮ್ಮ ಓದು ಬರಹದ ಅಭ್ಯಾಸ ನಿಮಗೇ ಗೊತ್ತು, ಆರಿಸಿಕೊಳ್ಳಿ ಎಂದರು. 2012ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಸಮುದಾಯ ಕಾಲೇಜುಗಳ ಪ್ಲೇಸ್‌ಮೆಂಟ್ ಪರೀಕ್ಷೆಗಳನ್ನು ಒರೆಗೆ ಹಚ್ಚಿದರು. ಅವು ಹೆಚ್ಚಿನಂಶ ಕಂಪ್ಯೂಟರಿನಲ್ಲಿ ಉತ್ತರ ಆರಿಸುವ ಪರೀಕ್ಷೆಗಳು. ಇಂಗ್ಲಿಷಿನಲ್ಲಿ ಸುಮಾರು ಮೂವರಲ್ಲಿ ಒಬ್ಬರು ಗಂಭೀರವಾಗಿ ತಪ್ಪು ತರಗತಿಗೆ ಬೀಳುತ್ತಿದ್ದರು. ಹೆಚ್ಚಿನವರು ಮೇಲಿನ ತರಗತಿಯಲ್ಲಿ ಗೆಲ್ಲಬಲ್ಲವರಾಗಿದ್ದೂ ಕೆಳಗೆ ತಳ್ಳಲ್ಪಟ್ಟವರು. ಹೈಸ್ಕೂಲಿನ ನಾಲ್ಕು ವರ್ಷದ ಸಾಧನೆ ಒಂದು ದಿನದ ಪರೀಕ್ಷೆಗಿಂತ ಒಳ್ಳೆಯ ಸೂಚನೆ ಎಂದು ಕಂಡುಬಂತು. ಕ್ಯಾಲಿಫೋರ್ನಿಯಾ 2017ರಲ್ಲಿ ಸಮುದಾಯ ಕಾಲೇಜುಗಳಿಗೆ ಇದನ್ನೇ ಕಾನೂನು ಮಾಡಿತು.

ಅನ್ಯಾಯದ ಪರೀಕ್ಷೆ ಹೋದದ್ದು ಒಳ್ಳೆಯದೇ. ಆದರೆ ಪರೀಕ್ಷೆಯ ಜೊತೆಗೆ ಆ ಮೊದಲ ಪ್ರಬಂಧವೂ ಹೋದರೆ, ವಿದ್ಯಾರ್ಥಿ ಯಾವ ಭಾಷೆಯಿಂದ, ಯಾವ ಅಭ್ಯಾಸದಿಂದ ಬಂದಿದ್ದಾನೆಂದು ತಿಳಿಯುವ ದಾರಿಯೂ ಮುಚ್ಚುತ್ತದೆ. ಕರ್ನಾಟಕದಲ್ಲಿ ಆ ದಾರಿ ಇನ್ನೂ ಸರಿಯಾಗಿ ತೆರೆದೇ ಇಲ್ಲ. ಪಿಯುಸಿ ಅಂಕ ನೋಡಿ ಪದವಿಗೆ ಸೇರಿಸಿಕೊಳ್ಳುತ್ತೇವೆ. ಕನ್ನಡ ಮಾಧ್ಯಮದಿಂದ ಬಂದವಳೂ ಕಾನ್ವೆಂಟಿನಿಂದ ಬಂದವನೂ ಒಂದೇ ಬೆಂಚಿನಲ್ಲಿ ಕೂತು ಒಂದೇ ಪಾಠ ಕೇಳುತ್ತಾರೆ. ದ್ವಿತೀಯ ಪಿಯುಸಿ ವಿದ್ಯಾರ್ಥಿ ಶುಲ್ಕ ಕಟ್ಟಿ ತನ್ನ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಳ್ಳಬಹುದು. ಆ ಹಕ್ಕು ಬಳಕೆಯಾಗುವುದು ಅಂಕ ಹೆಚ್ಚಿಸಿಕೊಳ್ಳಲು. ಅದನ್ನು ಓದಿ ಪಾಠ ಬದಲಿಸಬೇಕಾದ ಅಧ್ಯಾಪಕರ ಕೈಗೆ ಅದು ಬರುವುದಿಲ್ಲ.

ಸರ್ಕಾರಿ ಪದವಿ ಕಾಲೇಜೊಂದರ ಇಂಗ್ಲಿಷ್ ಉಪನ್ಯಾಸಕಿಯೊಬ್ಬರಿಗೆ ಶಾನೆಸಿಯ ವಿಷಯ ಹೇಳಿದಾಗ ಅವರೆಂದರು: "ಮೊದಲನೇ ವಾರ ನಾನೂ ಒಂದು ಪುಟ ಬರೆಸ್ತೀನಿ ಸರ್. ಮಾರ್ಕ್ಸ್ ಹಾಕಲ್ಲ ಅಂತ ಮೊದಲೇ ಹೇಳಿಬಿಡ್ತೀನಿ. ಮಾರ್ಕ್ಸ್ ಅಂದ್ರೆ ಗೈಡಿನಲ್ಲಿ ಬಾಯಿಪಾಠ ಮಾಡಿದ್ದನ್ನ ಇಳಿಸ್ತಾರೆ. ಇಲ್ಲ ಅಂದ್ರೆ ತಮ್ಮದನ್ನ ಬರೀತಾರೆ. ಆಮೇಲೆ ಅದನ್ನ ನೋಡ್ಕೊಂಡೇ ಆ ತಿಂಗಳ ಪಾಠ ಹೊಂದಿಸ್ಕೊಳ್ಳೋದು."

ಅವರು ಮಾಡುತ್ತಿರುವುದು ಪ್ರತಿಯೊಂದು ಕಾಲೇಜಿನಲ್ಲೂ ಆಗಬಹುದಾದ ಕೆಲಸ. ಅದಕ್ಕೆ ಹೊಸ ಪರೀಕ್ಷಾ ಮಂಡಳಿ ಬೇಡ, ಸಾಫ್ಟ್‌ವೇರ್ ಬೇಡ. ಸೇರಿದ ವಾರ ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು ಪುಟ ಬರೆಸಲಿ. ಆ ತರಗತಿಗೆ ಪಾಠ ಮಾಡುವವರೇ ಓದಲಿ. ಆ ಓದಿಗೆ ತಗಲುವ ಹೊತ್ತನ್ನು ವಿಶ್ವವಿದ್ಯಾಲಯ ಅವರ ಕಾರ್ಯಭಾರದಲ್ಲಿ ಲೆಕ್ಕ ಹಿಡಿಯಲಿ. ವರ್ಷದ ಕೊನೆಗೆ ಅದೇ ವಿದ್ಯಾರ್ಥಿಯಿಂದ ಇನ್ನೊಂದು ಪುಟ ಬರೆಸಿ, ಎರಡನ್ನೂ ಒಟ್ಟಿಗೆ ಅವನ ಕೈಗೆ ಕೊಡಲಿ. ಹಾರ್ವರ್ಡ್‌ನ ಸಮಿತಿಯ ಕೈಯಲ್ಲೂ ಹುಡುಗರ ಹಾಳೆಗಳಿದ್ದವು, ಶಾನೆಸಿಯ ಕೈಯಲ್ಲೂ ಇದ್ದವು. ಒಬ್ಬರಿಗೆ ಅವು ದೂರು ಬರೆಯಲು ಆಧಾರವಾದವು, ಇನ್ನೊಬ್ಬರಿಗೆ ಪಾಠ ಬರೆಯಲು. ಮುಂದಿನ ಜೂನ್ ಜುಲೈನಲ್ಲಿ ನಮ್ಮ ಕಾಲೇಜುಗಳಿಗೆ ಬರುವ ಮಕ್ಕಳ ಹಾಳೆಗಳನ್ನು ಯಾವುದಕ್ಕೆ ಬಳಸುತ್ತೇವೆ ಎಂಬುದನ್ನು ಈಗಲೇ ನಿರ್ಧರಿಸಿಕೊಳ್ಳುವ ಹೊಣೆ ಅಧ್ಯಾಪಕರಾದ ನಮ್ಮ ಮೇಲಿದೆ.